ಮೇಣವಿಲ್ಲದ್ದು

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಚಕ್ಕೆ,

ಅಮ್ಮನ ಆಶೀರ್ವಾದ. ಪ್ರೊಫೆಸರ್ ಆದವರನ್ನು ಇನ್ನೂ ಚಕ್ಕೆ ಎಂದು ಕರೆಯುತ್ತೀರಲ್ಲ ಅತ್ತೆ ಎಂದು ಸೊಸೆ ಹೋದ ಸಲ ನಕ್ಕಿದ್ದಳು. ಏನು ಮಾಡಲಿ, ತೊಟ್ಟಿಲಿಗೆ ಬೇರೆ ಜಾಗವಿಲ್ಲದೆ ನಿನ್ನನ್ನು ಅಂಗಡಿಯಲ್ಲೇ ಮಲಗಿಸುತ್ತಿದ್ದೆವು, ಎತ್ತಿಕೊಂಡಾಗಲೆಲ್ಲ ಕೂದಲಲ್ಲಿ ಒಂದು ಮರದ ಚಕ್ಕೆ ಸಿಕ್ಕಿಕೊಂಡಿರುತ್ತಿತ್ತು. ಹಾಗೆ ಬಂದ ಹೆಸರು. ಈಗ ನಿನ್ನ ಕೂದಲಲ್ಲಿ ಏನೂ ಸಿಕ್ಕಿಕೊಳ್ಳುವುದಿಲ್ಲ, ಸಿಕ್ಕಿಕೊಳ್ಳಲು ಕೂದಲೂ ಹೆಚ್ಚು ಉಳಿದಿಲ್ಲ ಎಂದು ಫೋಟೋದಲ್ಲಿ ನೋಡಿದೆ. ಆರೋಗ್ಯ ಹೇಗಿದೆ ಎಂದು ಕೇಳಬೇಕಾಗಿಲ್ಲ. ರೇಡಿಯೋದಲ್ಲಿ ನಿನ್ನ ಗಂಟಲು ಖಣಖಣ ಎನ್ನುತ್ತಿತ್ತು, ಆ ಹಳೆಯ ಕೆಮ್ಮಿನ ಸುಳಿವೇ ಇರಲಿಲ್ಲ. ಸೊಸೆಯ ಬೆನ್ನುನೋವು ಈಗ ಹೇಗಿದೆ? ಮೊಮ್ಮಗಳಿಗೆ ಬಿದ್ದ ಹಲ್ಲು ಮತ್ತೆ ಬಂತೇ? ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಕಥೆ ಬಿಡು. ನಿಮ್ಮಪ್ಪ ಚೆನ್ನಾಗಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಮಲಗುತ್ತಾರೆ, ಬೆಳಗಾದರೆ ಕೆಲಸಕ್ಕೆ ಕೂರುತ್ತಾರೆ. ಮಾತು ಮಾತ್ರ ಕಡಿಮೆ ಆಗಿದೆ. ಮೊದಲು ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತಲ್ಲ, ಈಗ ಮನೆ ತಣ್ಣಗಿದೆ. ನನಗೆ ಅದು ಅಭ್ಯಾಸವಾಗುತ್ತಿಲ್ಲ.

ಮೊದಲು ನಿನಗೆ ಬೇಕಾದ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಮೇಜು ಲಾರಿ ಹತ್ತಿತು. ನೀನು ವಿಭಾಗದ ಮುಖ್ಯಸ್ಥನಾದಾಗ ಬರೆದಿದ್ದೆ, ಹೊಸ ಕೋಣೆಗೆ ಅಪ್ಪನ ಕೈಯದೇ ಒಂದು ಮೇಜು ಬೇಕು ಎಂದು. ಓದಿ ಹೇಳಿದಾಗ ನಿಮ್ಮಪ್ಪ ಎದ್ದು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದರು. ಅದರ ಮುಂದಿನ ಸಾಲನ್ನೂ ಓದಿ ಹೇಳಿದೆ, ಮುಚ್ಚಿಡುವ ಬುದ್ಧಿ ನನಗೆ ಬರಲಿಲ್ಲ. ‘ಅಪ್ಪನ ಆ ತೇಪೆ ಮಾತ್ರ ಬೇಡಮ್ಮ, ದೊಡ್ಡ ದೊಡ್ಡವರು ಬಂದು ಕೂರೋ ಕೋಣೆ’ ಎಂದು ಬರೆದಿದ್ದೆ. ನಿಮ್ಮಪ್ಪ ತಲೆಯಾಡಿಸಿದರು. ಹಾಗಾದರೆ ಬಿರುಕು ಬಿಡದ ಹಲಗೆ ಹುಡುಕಬೇಕು ಎಂದರು. ಮರದ ಅಡ್ಡೆಗೆ ಎಷ್ಟು ಸಲ ಹೋದರೋ ನನಗೆ ಲೆಕ್ಕ ತಪ್ಪಿತು. ಹೆಣ್ಣು ನೋಡಲು ಹೋದವರ ಹಾಗೆ ಪ್ರತಿಯೊಂದು ಹಲಗೆಯನ್ನೂ ತಟ್ಟಿ, ತಿರುಗಿಸಿ, ಮೂಸಿ, ಏನೋ ಒಂದು ಕುಂದು ಹೇಳಿ ವಾಪಸ್ಸು ಬರುತ್ತಿದ್ದರು. ನನ್ನನ್ನು ನೋಡಲು ಬಂದಾಗ ಇಷ್ಟು ನೋಡಿರಲಿಲ್ಲ. ಕಡೆಗೆ ಒಂದು ಸಿಕ್ಕಿತು, ಒಂದೇ ಬೊಡ್ಡೆಯಿಂದ ಕೊಯ್ದ ಅಗಲ ಹಲಗೆ. ಅದನ್ನು ತಂದು ಗೋಡೆಗೆ ಒರಗಿಸಿ ಎರಡು ಮಳೆಗಾಲ ಹಾಗೇ ಒಣಗಲು ಬಿಟ್ಟರು. ಮೇಜು ಯಾವಾಗ, ಮೇಜು ಯಾವಾಗ ಎಂದು ನೀನು ಅವಸರ ಮಾಡುತ್ತಿದ್ದೆಯಲ್ಲ, ಆಗ ಇಲ್ಲಿ ಆಗುತ್ತಿದ್ದದ್ದು ಇದು.

ತೇಪೆ ಎಂದರೆ ನಿನಗೆ ನಾಚಿಕೆ. ಸೊಸೆಗೆ ತೇಪೆ ಎಂದರೇನು ಎಂದು ಗೊತ್ತಿರಲಿಕ್ಕಿಲ್ಲ, ಈ ಪತ್ರ ಅವಳೂ ಓದಲಿ ಎಂದು ಬಿಡಿಸಿ ಬರೆಯುತ್ತೇನೆ. ಮರ ಬಿರುಕು ಬಿಟ್ಟರೆ ನಿಮ್ಮಪ್ಪ ಅದನ್ನು ಮುಚ್ಚುವುದಿಲ್ಲ. ಬೇರೆ ಬಣ್ಣದ ಒಂದು ತುಂಡು ಮರವನ್ನು ನಡು ಸಣ್ಣ, ಎರಡು ತುದಿ ಅಗಲವಾಗಿ ಕತ್ತರಿಸಿ ಬಿರುಕಿಗೆ ಅಡ್ಡಲಾಗಿ ಕೂರಿಸುತ್ತಾರೆ. ಬಿರುಕು ಅಲ್ಲಿಗೇ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಆದರೆ ನೋಡಿದವರ ಕಣ್ಣಿಗೆ ಮೊದಲು ಬೀಳುವುದೇ ಅದು. ಕಪ್ಪು ಮರದ ನಡುವೆ ಬೆಳ್ಳಗೆ ಹಲ್ಲು ಕಿರಿಯುತ್ತಿರುತ್ತದೆ. ಕೊಳ್ಳಲು ಬಂದವರಿಗೆ ಅವರೇ ಬೆರಳಿಟ್ಟು ತೋರಿಸುತ್ತಾರೆ, ‘ಇಲ್ಲಿ ಬಿರುಕಿತ್ತು ನೋಡಿ, ಹಿಡಿದು ನಿಲ್ಲಿಸಿದೀನಿ’ ಎಂದು. ಬಂದವರು ನೋಡುತ್ತಾರೆ, ಹೌದು ಹೌದು ಎನ್ನುತ್ತಾರೆ, ರಸ್ತೆ ದಾಟಿ, ಬಿರುಕು ಮುಚ್ಚಿ ಮಾರುವ ಎದುರಂಗಡಿಗೆ ಹೋಗುತ್ತಾರೆ.

ಅವರು ಹುಟ್ಟಾ ಹೀಗಿರಲಿಲ್ಲ ಎನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಕಾಲೇಜಿಗೆ ಸೇರುವವರೆಗೂ ಬಿರುಕಿಗೆ ಮೇಣ ತುಂಬುವುದರಲ್ಲಿ ಈ ಬೀದಿಯಲ್ಲಿ ನಿಮ್ಮಪ್ಪನದೇ ಎತ್ತಿದ ಕೈ. ಸಣ್ಣ ಒಲೆಯ ಮೇಲೆ ಡಬ್ಬಿ ಇಟ್ಟು ಮೇಣ ಕರಗಿಸಿ, ಬಣ್ಣದ ಪುಡಿ ಬೆರೆಸಿ, ಮರದ ಗೆರೆಗೆ ಗೆರೆ ಕೂಡಿಸುತ್ತಿದ್ದರು. ಅದರ ಮೇಲೆ ನಾನು ಪಾಲಿಶ್ ಹೊಡೆದರೆ ಮುಗಿಯಿತು, ಆಮೇಲೆ ಬಿರುಕು ಎಲ್ಲಿತ್ತು ಎಂದು ನಾವೇ ಹುಡುಕಬೇಕಿತ್ತು. ಎದುರಂಗಡಿಯವನು ಆಗ ಹುಡುಗ, ನಮ್ಮ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆಮೇಲೆ ನೀನು ಮೊದಲನೆಯ ವರ್ಷದ ರಜಕ್ಕೆ ಬಂದೆ. ಹೊಸ ಕನ್ನಡಕ ಹಾಕಿಕೊಂಡಿದ್ದೆ, ಕನ್ನಡಕದಷ್ಟೇ ಹೊಸದಾದ ಒಂದು ಕಥೆಯನ್ನೂ ತಂದಿದ್ದೆ. ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು, ‘ಅಪ್ಪಾ, ಸಿನ್ಸಿಯರ್ ಅಂತಾರಲ್ಲ, ಅದು ಲ್ಯಾಟಿನ್ ಮಾತು ಗೊತ್ತಾ? ಮೇಣ ಇಲ್ಲದ್ದು ಅಂತ ಅದರ ಅರ್ಥ. ಹಿಂದೆ ಶಿಲ್ಪಿಗಳು ಬಿರುಕಿಗೆ ಮೇಣ ತುಂಬಿ ಮಾರ್ತಿದ್ರಂತೆ, ತುಂಬದೆ ಇರೋದಕ್ಕೆ ಹಾಗನ್ನೋರಂತೆ’ ಎಂದೆ. ಹೇಳಿ ಊಟಕ್ಕೆ ಎದ್ದು ಹೋದೆ. ನಿಮ್ಮಪ್ಪ ಒಲೆ ಆರಿಸಿದರು.

ನನಗೆ ಆವತ್ತೇ ಮೈ ಉರಿಯಿತು ಎನ್ನುವುದನ್ನು ನಿನಗೆ ಯಾವತ್ತೂ ಹೇಳಿಲ್ಲ, ಈಗ ಹೇಳುತ್ತೇನೆ. ಯಾರೋ ಎಲ್ಲೋ ಕಲ್ಲಿಗೆ ಮೇಣ ಮೆತ್ತಿದರೆ ನಾವೇಕೆ ಒಲೆ ಆರಿಸಬೇಕು ಎಂದು ಜಗಳ ಮಾಡಿದೆ. ಕೇಳಿದರೆ ತಾನೆ? ಅದು ನಿಜವೋ ಸುಳ್ಳೋ ಎನ್ನುವುದು ಅವರಿಗೆ ಮುಖ್ಯವೇ ಆಗಿರಲಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಮನೆಯಲ್ಲಿ ಮೊದಲ ಸಲ ಒಬ್ಬ ಹತ್ತಿದ್ದ, ಹತ್ತಿದವನು ಇಳಿದು ಬರುವಾಗ ಅಪ್ಪನಿಗೆಂದು ಏನೋ ತಂದಿದ್ದ. ನೀನು ಆವತ್ತು ಅಂಗಿಯ ಬಟ್ಟೆ ತಂದಿದ್ದರೆ ಹರಿಯುವವರೆಗೂ ಅದನ್ನೇ ತೊಡುತ್ತಿದ್ದರು. ನೀನು ತಂದದ್ದು ಒಂದು ಮಾತು, ಅದನ್ನೇ ತೊಟ್ಟುಕೊಂಡರು. ಉಳಿ ಹಿಡಿದು ಹಲಗೆಯ ಮೇಲೆ ‘ಸಿನ್ಸಿಯರ್’ ಎಂದು ಕೆತ್ತಿ, ಕೆಳಗೆ ಸಣ್ಣಗೆ ‘ಮೇಣವಿಲ್ಲದ್ದು’ ಎಂದು ಕೆತ್ತಿ, ಅಂಗಡಿಯ ಮುಂದೆ ಏರಿಸಿದರು. ಕೇಳಿದವರಿಗೆಲ್ಲ ಕಥೆ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಕಥೆ ಶುರುವಾಗುವುದೇ ‘ನನ್ನ ಮಗ ಕಾಲೇಜಿಂದ ತಂದಿದ್ದು’ ಎಂದು. ಈ ಬೀದಿಯಲ್ಲಿ ಅದನ್ನು ಕೇಳದ ಬೆಕ್ಕು ನಾಯಿಯೂ ಇಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ನಿನ್ನ ಓದು ಮುಗಿಯುವವರೆಗೆ ನಾನು ಹೊರಗಿನವರ ಪಾಲಿಶ್ ಕೆಲಸ ಹಿಡಿದೆ, ಉಗುರಿನ ಸಂದಿಯ ಬಣ್ಣ ಇವತ್ತಿಗೂ ಹೋಗಿಲ್ಲ. ನಿಮ್ಮಪ್ಪನ ಹಟಕ್ಕೆ ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೆ. ಆದರೆ ಅದನ್ನು ನೋಡಿ ನಗುವ ಹಕ್ಕು ಈ ಮನೆಯಲ್ಲಿ ನನಗೊಬ್ಬಳಿಗೆ ಇತ್ತು.

ಇನ್ನು ರೇಡಿಯೋ ವಿಷಯ. ಸಭೆಯ ಮುಂದೆ ವಾರಕ್ಕೊಂದು ಮಾತಿನ ಹುಟ್ಟು ಹೇಳುವ ನಿನ್ನ ಭಾಷಣದಲ್ಲಿ ಈ ಸಲ ‘ಸಿನ್ಸಿಯರ್’ ಎಂದು ತಿಳಿದದ್ದೇ ತಡ, ನಿಮ್ಮಪ್ಪ ಬೀದಿಗೆಲ್ಲ ಹೇಳಿ ಬಂದರು. ನಾನು ಬೇಡ ಎನ್ನಲಿಲ್ಲ, ನನಗೂ ಹೆಮ್ಮೆಯೇ. ಅಂಗಡಿ ಗುಡಿಸಿ, ರಿಪೇರಿಗೆ ಬಂದ ಕುರ್ಚಿಗಳನ್ನೇ ಸಾಲಾಗಿ ಹಾಕಿದರು. ಔಷಧಿ ಅಂಗಡಿಯವರಿಗೆ ಒಂದು ಕಾಲು ಅಲ್ಲಾಡುವ ಕುರ್ಚಿ ಸಿಕ್ಕಿತು, ಅವರು ಕೊನೆಯವರೆಗೂ ಉಸಿರು ಬಿಗಿಹಿಡಿದೇ ಕೂತಿದ್ದರು. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯನ್ನೂ ಕರೆದುಕೊಂಡು ಬಂದ. ಎದುರಂಗಡಿಯವನು ತನ್ನ ಅಂಗಡಿಯ ಬಾಗಿಲೆಳೆದು ಬಂದ, ವ್ಯಾಪಾರದ ಹೊತ್ತಿನಲ್ಲಿ ಅವನು ಹಾಗೆ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಎಲ್ಲರಿಗೂ ಚಹಾ ಕೊಟ್ಟೆ. ನಿಮ್ಮಪ್ಪ ರೇಡಿಯೋ ಪಕ್ಕ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ.

ಎಷ್ಟು ಚೆನ್ನಾಗಿ ಹೇಳಿದೆ, ಮಗನೇ. ನನಗೇ ಎಲ್ಲ ಅರ್ಥವಾಯಿತು ಎಂದರೆ ನೋಡು. ಲ್ಯಾಟಿನ್ನಿನಲ್ಲಿ ಆ ಮಾತು ಮೊದಲು ಮನುಷ್ಯರಿಗೆ ಅಂಟಿದ್ದೇ ಅಲ್ಲ, ಶುಚಿಯಾದ ಪಾತ್ರೆಗೂ ಬೆರಕೆಯಿಲ್ಲದ ದ್ರಾಕ್ಷಾರಸಕ್ಕೂ ಹೇಳುತ್ತಿದ್ದರು ಎಂದೆ. ಫ್ರೆಂಚರು ತೆಗೆದುಕೊಂಡರು, ಸ್ಪೇನಿನವರು ಕೊನೆಗೆ ಒಂದು ಓಕಾರ ಹಚ್ಚಿಕೊಂಡರು, ಇಂಗ್ಲಿಷಿನವರು ಪತ್ರದ ಬುಡಕ್ಕೆ ಮೊಳೆ ಹೊಡೆದು ಕೂರಿಸಿ ಸವೆಸಿಬಿಟ್ಟರು ಎಂದೆ. ನಮ್ಮ ಬಾಯಿಗೆ ಬರುವಷ್ಟರಲ್ಲಿ ಅದು ರಜ ಹಾಕದ ಗುಮಾಸ್ತನಿಗೂ ಹೋಂವರ್ಕ್ ತಪ್ಪಿಸದ ಹುಡುಗಿಗೂ ಇಟ್ಟ ಹೆಸರಾಯಿತು, ‘ತುಂಬಾ ಸಿನ್ಸಿಯರ್ ಹುಡುಗ, ಮಾತೇ ಆಡಲ್ಲ’ ಎಂದಾಗ ಇಲ್ಲಿ ಎಲ್ಲರೂ ನಕ್ಕರು. ಆಮೇಲೆ ಮೇಣದ ಕಥೆ ಬಂತು. ನಿಮ್ಮಪ್ಪ ಔಷಧಿ ಅಂಗಡಿಯವರ ಭುಜ ಮುಟ್ಟಿ, ‘ಈಗ ಕೇಳಿ’ ಎಂದರು. ನೀನು ಹೇಳಿದೆ, ಅದು ಕಟ್ಟುಕಥೆ, ಅದಕ್ಕೆ ಯಾವ ಆಧಾರವೂ ಇಲ್ಲ, ‘ಒಂದು’ ಮತ್ತು ‘ಬೆಳೆ’ ಎನ್ನುವ ಎರಡು ಬೇರು ಸೇರಿ ‘ಒಂದಾಗಿ ಬೆಳೆದದ್ದು’ ಎಂದು ಅದು ಆಗಿರಬಹುದು ಎಂದು ತಿಳಿದವರು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಿಜ ಹೇಳುವುದು ನಿನ್ನ ಕೆಲಸ, ಹೇಳಿದೆ, ತಪ್ಪಿಲ್ಲ. ಆದರೆ ಎದುರಿಗೆ ಕೂತವರು ಇನ್ನೊಂದು ಸಲ ನಗಬೇಕಿತ್ತು ನಿನಗೆ. ‘ನನಗೆ ಗೊತ್ತಿದ್ದ ಒಬ್ಬ ಬಡಗಿ ಇದ್ದ’ ಎಂದೆ. ‘ಯಾರೋ ಹೇಳಿದ ಈ ಕಥೆ ನಂಬಿ ಮೇಣ ಮುಟ್ಟೋದನ್ನೇ ಬಿಟ್ಟ. ಅಂಗಡಿ ತುಂಬ ತೇಪೆ. ಪಾಪ, ಇಡೀ ಜೀವನ ಒಂದು ತಪ್ಪು ಅರ್ಥದ ಮೇಲೆ ನಿಲ್ಲಿಸಿಕೊಂಡ’ ಎಂದೆ. ಅಲ್ಲಿ ಸಭೆ ಗೊಳ್ಳೆಂದಿತು. ಇಲ್ಲಿಯೂ ಒಂದಿಬ್ಬರು ನಕ್ಕುಬಿಟ್ಟರು, ಆಮೇಲೆ ತುಟಿ ಕಚ್ಚಿಕೊಂಡರು. ಕ್ಷೌರದಂಗಡಿಯವನು ಕತ್ತೆತ್ತಿ ಬಾಗಿಲ ಮೇಲಿನ ಹಲಗೆ ನೋಡಿದ. ಎಲ್ಲರ ನಗು ನಿಂತ ಮೇಲೆ ನಿಮ್ಮಪ್ಪ ನಕ್ಕರು.

ಆ ‘ಯಾರೋ’ ಯಾರು, ಚಕ್ಕೆ? ನನಗೆ ನೋವಾದದ್ದು ಅಲ್ಲಿ. ಅಪ್ಪನನ್ನು ‘ಒಬ್ಬ ಬಡಗಿ’ ಎಂದೆ, ಆಯಿತು, ಬಡಗಿಯೇ ಹೌದು. ‘ಇದ್ದ’ ಎಂದೆ, ಬದುಕಿರುವವರನ್ನು, ಅದನ್ನೂ ನುಂಗಿಕೊಂಡೆ. ಆದರೆ ಕಥೆ ತಂದು ಮಡಿಲಿಗೆ ಹಾಕಿದ ಹುಡುಗನನ್ನು ಹೊರಗೆ ಸಾಗಿಸಿ, ನಂಬಿದವರನ್ನು ಮಾತ್ರ ಸಭೆಯ ಮುಂದೆ ನಿಲ್ಲಿಸಿದೆಯಲ್ಲ. ಆ ಹುಡುಗನನ್ನೂ ಪಕ್ಕದಲ್ಲಿ ನಿಲ್ಲಿಸಿ ನಕ್ಕಿದ್ದರೆ ನಾನೂ ನಗುತ್ತಿದ್ದೆ, ನಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಬೇರೆಯವರ ಬಿರುಕು ತೋರಿಸುವುದರಲ್ಲಿ ನೀನು ಜಾಣ. ನಿನ್ನದನ್ನು ಎಷ್ಟು ನಯವಾಗಿ ಮುಚ್ಚಿಕೊಂಡೆ ಎಂದರೆ ಒಂದು ಕಾಲದ ನಿಮ್ಮಪ್ಪನ ಕೈಗೂ ಅಷ್ಟು ನಯ ಇರಲಿಲ್ಲ.

ಬಂದವರು ಒಬ್ಬೊಬ್ಬರಾಗಿ ಎದ್ದರು, ತಂತಮ್ಮ ಕುರ್ಚಿಯನ್ನು ಗೋಡೆಗೆ ಸೇರಿಸಿಟ್ಟು, ‘ಮಗ ಚೆನ್ನಾಗಿ ಮಾತಾಡ್ತಾರೆ’ ಎಂದು ಹೇಳಿ ಹೋದರು. ಎದುರಂಗಡಿಯವನು ಹಿಂದೆ ಉಳಿದ. ನಾನು ಮೈ ಬಿಗಿ ಮಾಡಿಕೊಂಡೆ, ಇಷ್ಟು ವರ್ಷ ಕಾದಿದ್ದವನು ಈಗ ಚುಚ್ಚಿಯೇ ಚುಚ್ಚುತ್ತಾನೆ ಎಂದು. ಅವನು ನಿಮ್ಮಪ್ಪನ ಮುಖ ನೋಡದೆ, ‘ಅದು ಬೇರೆ ಯಾರೋ ಬಡಗಿ ಇರ್ಬೇಕು ಬಿಡಣ್ಣ’ ಎಂದ. ನಿಮ್ಮಪ್ಪ ‘ಇರ್ಬೇಕು’ ಎಂದರು. ಅವನು ಚುಚ್ಚಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಊಟಕ್ಕೆ ಕೂತಾಗ ನಿಮ್ಮಪ್ಪ ಏನು ಹೇಳಿದರು ಎನ್ನುವುದನ್ನೂ ಕೇಳು, ನಿನ್ನ ಮುಂದಿನ ಭಾಷಣಕ್ಕೆ ಉಪಯೋಗವಾದೀತು. ‘ಒಂದಾಗಿ ಬೆಳೆದದ್ದು ಅಂದನಲ್ಲ, ಅದೂ ಚೆನ್ನಾಗಿದೆ. ಮರಕ್ಕೆ ಅದು ಇನ್ನೂ ಚೆನ್ನಾಗಿ ಹೊಂದತ್ತೆ’ ಎಂದರು. ನಾನು ಎದ್ದು ಅಡಿಗೆಮನೆಗೆ ಹೋದೆ.

ನಿನ್ನ ಮೇಜು ಅಷ್ಟು ಹೊತ್ತಿಗೆ ಮುಗಿದಂತೆಯೇ ಇತ್ತು. ಎರಡು ಮಳೆಗಾಲ ಒಣಗಿದ ಆ ಹಲಗೆ, ಕುಂದೇ ಇಲ್ಲದ್ದು ಎಂದು ಹುಡುಕಿ ತಂದದ್ದು, ಕಾಲು ಜೋಡಿಸಿದ ಮೇಲೆ ಬಿರುಕು ಬಿಟ್ಟಿತು. ದೊಡ್ಡದಲ್ಲ, ಆದರೆ ಓಡುವ ಜಾತಿಯದು. ತೇಪೆ ಬೇಡ ಎಂದಿದ್ದಾನಲ್ಲ ಎಂದು ನೆನಪಿಸಿದೆ. ‘ಬೈದ್ರೆ ಬೈಯಲಿ, ನನ್ನ ಮಗನಿಗೇ ಮುಚ್ಚಿ ಕೊಡೋದಾ’ ಎಂದು ಬಿಳಿ ಮರದ ತುಂಡು ಹುಡುಕಿ ಕತ್ತರಿಸತೊಡಗಿದ್ದರು. ನೀನು ರೇಡಿಯೋದಲ್ಲಿ ಮಾತಾಡುವಾಗ ಆ ತೇಪೆ, ಅರ್ಧ ಕತ್ತರಿಸಿದ್ದು, ರೇಡಿಯೋ ಪಕ್ಕದಲ್ಲೇ ಇತ್ತು. ಮಾರನೆಯ ಬೆಳಗ್ಗೆ ನಾನು ಬಾಗಿಲು ಸಾರಿಸಲು ಹೋದಾಗ ಬಾಗಿಲ ಮೇಲೆ ಹಲಗೆ ಇರಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದರು. ನಿಮ್ಮಪ್ಪ ಅಟ್ಟದಿಂದ ಹಳೆಯ ಒಲೆ ಇಳಿಸಿಕೊಂಡು ಉರಿ ಹಚ್ಚಲು ಕೂತಿದ್ದರು. ಒದ್ದೆ ಸೌದೆ, ಹತ್ತುತ್ತಿರಲಿಲ್ಲ. ಆ ಅರ್ಧ ತೇಪೆಯನ್ನು ಸಿಗಿದು ಒಳಗೆ ಹಾಕಿದ ಮೇಲೆ ಹತ್ತಿತು.

ಈಗ ನಮ್ಮದು ಒಳ್ಳೆಯ ಕಾಲ ಎಂದೇ ಹೇಳಬೇಕು. ಹಳೆಯ ಸಾಮಾನು ಮಾರುವ ದಲ್ಲಾಳಿಯೊಬ್ಬ ವರ್ಷಗಳಿಂದ ಬಾಗಿಲು ತಟ್ಟುತ್ತಿದ್ದ, ನಿಮ್ಮಪ್ಪ ಅಟ್ಟಿ ಕಳಿಸುತ್ತಿದ್ದರು. ಈ ಸಲ ಬಂದವನನ್ನು ಕೂರಿಸಿದರು. ಹುಳ ತಿಂದ ಬೀರು, ಸೀಳಿದ ಮಂಚ, ಏನು ತಂದರೂ ಮೇಣ ತುಂಬಿ ನುಣ್ಣಗೆ ಮಾಡಿ ಕೊಡುತ್ತಾರೆ. ಕೈ ಏನೂ ಮರೆತಿಲ್ಲ. ಕೈತುಂಬ ಕೆಲಸ, ಅಂಗಡಿಯ ಮುಂದೆ ಗಾಡಿ ನಿಂತೇ ಇರುತ್ತದೆ. ಇಷ್ಟು ವರ್ಷ ನಾನು ಜಗಳವಾಡಿ ಬೇಡಿದ್ದು ನಿನ್ನ ಒಂದು ಮಾತಿನಿಂದ ಆಯಿತು, ಅದಕ್ಕೆ ನಿನಗೆ ಉಪಕಾರ ಹೇಳಬೇಕು. ಗಿರಾಕಿಗಳ ಹತ್ತಿರ ಈಗ ಯಾವ ಕಥೆಯೂ ಹೇಳುವುದಿಲ್ಲ. ನನ್ನ ಮಗ ಎಂದು ಶುರು ಮಾಡುವ ಮಾತೇ ಅವರ ಬಾಯಲ್ಲಿ ಬಂದಿಲ್ಲ. ನೀನು ಹೇಳಿದೆಯಲ್ಲ, ತುಂಬಾ ಸಿನ್ಸಿಯರ್ ಹುಡುಗ, ಮಾತೇ ಆಡಲ್ಲ ಎಂದು, ಹಾಗೆ ಆಗಿದ್ದಾರೆ. ಮುಂದೆ ಯಾವತ್ತಾದರೂ ಬಂದರೆ ಹಲಗೆ ಹುಡುಕಬೇಡ, ಔಷಧಿ ಅಂಗಡಿಯ ಪಕ್ಕದ್ದು, ಹೆಸರಿಲ್ಲದ್ದು ನಮ್ಮದು.

ಮೇಜು ನೀನು ಕೇಳಿದ ಹಾಗೆಯೇ ಇದೆ. ತೇಪೆ ಇಲ್ಲ. ಪಾಲಿಶ್ ನನ್ನದು, ಮುಖ ನೋಡಿಕೊಳ್ಳಬಹುದು. ದೊಡ್ಡವರು ಬಂದು ಕೂತಾಗ ಸಂಕೋಚಪಡಬೇಕಾಗಿಲ್ಲ, ಯಾರು ಮಾಡಿದ್ದು ಎಂದು ಕೇಳಿದರೆ ನನಗೆ ಗೊತ್ತಿದ್ದ ಒಬ್ಬ ಬಡಗಿ ಎಂದು ಹೇಳು. ಸೊಸೆಗೆ ಭಾರ ಎತ್ತಬೇಡ ಎನ್ನು. ಮೊಮ್ಮಗಳಿಗೆ ನನ್ನ ಮುತ್ತು. ಅವಳಿಗೆ ನೀನು ಹೇಳುವ ಕಥೆಗಳನ್ನು ಹುಷಾರಾಗಿ ಹೇಳು, ಮಕ್ಕಳಷ್ಟೇ ಅಲ್ಲ, ಅಪ್ಪಂದಿರೂ ನಂಬಿಬಿಡುತ್ತಾರೆ. ಹಾಸ್ಟೆಲಿನಿಂದ ನೀನು ಬರೆಯುತ್ತಿದ್ದ ಪತ್ರಗಳ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’ ಎಂದಿರುತ್ತಿತ್ತು, ನಿಮ್ಮಪ್ಪ ಆ ಸಾಲನ್ನು ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದರು. ನಾನೂ ಹಾಗೇ ಮುಗಿಸೋಣ ಎಂದುಕೊಂಡೆ, ಆದರೆ ಅದು ಸವೆದುಹೋಗಿದೆ ಎಂದು ನೀನೇ ಹೇಳಿದ್ದೀಯ. ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿಕೊಂಡಿರು.

ಇಂತು,
ಅಮ್ಮ

ಮರೆತಿದ್ದೆ. ಈ ಪತ್ರ ಬರೆಯಲು ನಿಮ್ಮಪ್ಪ ನನ್ನನ್ನು ಕೂರಿಸಿದ್ದೇ ಒಂದು ಮಾತಿಗೆ, ಮಿಕ್ಕಿದ್ದೆಲ್ಲ ನಾನಾಗಿ ಸೇರಿಸಿದ್ದು. ಬಿರುಕಿಗೆ ಮೇಣ ತುಂಬಿದೆ ಎಂದು ಅವನಿಗೆ ತಿಳಿಸಬೇಕು, ಎಲ್ಲಿ ಎಂದೂ ಬರೆ, ಬಿಸಿಲು ಬೀಳುವ ಕಡೆ ಮೇಜು ಇಡಬಾರದು, ಬಿರುಕು ಓಡುವ ಮೊದಲು ಮೇಣ ತೆಗೆದು ಅಲ್ಲಿಯ ಬಡಗಿಯಿಂದ ತೇಪೆ ಹಾಕಿಸಿಕೊಳ್ಳಲಿ ಎಂದರು. ದಲ್ಲಾಳಿಯ ಗಿರಾಕಿಗಳಿಗೆ ಯಾರಿಗೂ ಏನೂ ಹೇಳದವರು, ನಿನಗೆ ಹೇಳದೆ ಇರಲಾರರಂತೆ. ಮೇಜು ಲಾರಿ ಹತ್ತುವ ಮೊದಲೇ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದ್ದರು, ನನಗೆ ಜಾಗ ಚೆನ್ನಾಗಿ ಗೊತ್ತು. ಬಿರುಕಿದೆ, ಚಕ್ಕೆ. ಎಲ್ಲಿ ಎಂದು ನಾನು ಬರೆಯುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಯಾವತ್ತೋ ಒಂದು ದಿನ ನೀನು ಬರೆಯುತ್ತಿರುವಾಗ ತಾನಾಗಿ ಬಾಯಿ ಬಿಡುತ್ತದೆ. ಅಲ್ಲಿಯವರೆಗೂ ಹುಡುಕುತ್ತಿರು. ನಿಮ್ಮಪ್ಪ ಒಳಗಿನಿಂದ ಮತ್ತೆ ಕೇಳುತ್ತಿದ್ದಾರೆ, ಜಾಗ ಬರೆದೆಯಾ ಎಂದು. ಬರೆದೆ ಎಂದೆ.